ಮೇ ತಿಂಗಳ ಪುಣೆಯೂ ಒಂದು ಬೆಟ್ಟವೇ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಬೆಟ್ಟದ ಮೇಲಿನ ವಿಮಾನ ನಿಲ್ದಾಣಗಳದ್ದೇ ಜಾಸ್ತಿ. ಅದಕ್ಕೇ ಅವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಕೂತಿದ್ದೇನೆ. ಪುಣೆಯ ಸುತ್ತಮುತ್ತ ಸಣ್ಣ ವಿಮಾನ ಕಲಿಸುತ್ತಾ ಬಂದವನಿಗೆ ಇದಕ್ಕಿಂತ ಇಷ್ಟದ ವಿಷಯ ಇನ್ನೊಂದಿಲ್ಲ.

ಪ್ರಶ್ನೆ: ಈ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಲೇಹ್‌ಗೆ ಹೋಗಿದ್ದೆವು. ಹೋಗುವಾಗಲೂ ಬರುವಾಗಲೂ ಬೆಳಿಗ್ಗೆಯ ವಿಮಾನವೇ. ಬಾರಾಮತಿಯಲ್ಲಿ ವಿಮಾನ ಕಲಿಯುತ್ತಿರುವ ನನ್ನ ಮಗಳನ್ನೂ ಮೇ ತಿಂಗಳಲ್ಲಿ ಬೆಳಗಿನ 6 ಗಂಟೆಗೇ ಹಾರಲು ಕರೆಯುತ್ತಾರೆ. ಎರಡಕ್ಕೂ ಕಾರಣ ಒಂದೇನಾ? (ತಾಯಿಯೊಬ್ಬರು, ಡೊಂಬಿವಲಿ)

ಉತ್ತರ: ಹೌದಮ್ಮ, ಒಂದೇ ಕಾರಣ. ಮಗಳ ಇನ್‌ಸ್ಟ್ರಕ್ಟರ್ ಸರಿಯಾಗಿಯೇ ನಡೆಸುತ್ತಿದ್ದಾರೆ.

ಬಿಸಿಲೇರಿದ ಹಾಗೆ ಗಾಳಿ ಹಿಗ್ಗಿ ತೆಳುವಾಗುತ್ತದೆ. ಎತ್ತರಕ್ಕೆ ಹೋದ ಹಾಗೂ ತೆಳುವಾಗುತ್ತದೆ. ರೆಕ್ಕೆ ಮೇಲೇಳುವುದು ಗಾಳಿಯಿಂದ, ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವುದು ಗಾಳಿಯನ್ನು, ಎಂಜಿನ್ ಇಂಧನ ಸುಡುವುದಕ್ಕೂ ಗಾಳಿಯೇ ಬೇಕು. ಗಾಳಿ ತೆಳುವಾದರೆ ಮೂರೂ ಒಂದೇ ಸಲ ಸೊರಗುತ್ತವೆ. ಅದಕ್ಕೇ ಪೈಲಟ್‌ಗಳು ಜಾಗದ ಎತ್ತರ ಮಾತ್ರ ನೋಡಿ ಸುಮ್ಮನಾಗುವುದಿಲ್ಲ. ಬಿಸಿಯನ್ನೂ ಸೇರಿಸಿ ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುವ ಲೆಕ್ಕ ಹಾಕುತ್ತಾರೆ, ಅಂದರೆ ಅಲ್ಲಿನ ಗಾಳಿ ಎಷ್ಟು ಎತ್ತರದ ಗಾಳಿಯಷ್ಟು ತೆಳು ಅನ್ನುವ ಲೆಕ್ಕ. ಲೆಕ್ಕ ಸುಲಭ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಅಂತ ಹಿಡಿಯಿರಿ, ಮೇಲೆ ಹೋದ ಹಾಗೆ ಪ್ರತಿ 1,000 ಅಡಿಗೆ 2 ಡಿಗ್ರಿ ಕಳೆಯಿರಿ. ಆ ಹೊತ್ತಿನ ಬಿಸಿ ಅದಕ್ಕಿಂತ ಎಷ್ಟು ಡಿಗ್ರಿ ಜಾಸ್ತಿ ಇದೆಯೋ ನೋಡಿ, ಡಿಗ್ರಿಗೆ ಸುಮಾರು 120 ಅಡಿಯಂತೆ ಆ ಜಾಗದ ಎತ್ತರಕ್ಕೆ ಸೇರಿಸಿ.

ಲೇಹ್ ನಿಲ್ದಾಣ 10,682 ಅಡಿಯಲ್ಲಿದೆ. ಲೆಕ್ಕದ ಪ್ರಕಾರ ಅಲ್ಲಿ ಸೊನ್ನೆಗಿಂತ 6 ಡಿಗ್ರಿ ಕೆಳಗಿರಬೇಕು. ಬೇಸಿಗೆಯ ಮಧ್ಯಾಹ್ನ 25 ಡಿಗ್ರಿ ಇತ್ತು ಅನ್ನಿ, ಆಗ ವಿಮಾನದ ಪಾಲಿಗೆ ಅದು 14,000 ಅಡಿಗೂ ಮೇಲಿನ ಜಾಗ. ಸಾಲದ್ದಕ್ಕೆ ಮಧ್ಯಾಹ್ನವಾದರೆ ಕಣಿವೆಯಲ್ಲಿ ಜೋರು ಗಾಳಿ ಏಳುತ್ತದೆ.

ಈಗ ನಮ್ಮ ಪುಣೆಗೆ ಬನ್ನಿ. ಲೋಹೆಗಾಂವ್ ರನ್‌ವೇ ಇರುವುದು 1,942 ಅಡಿಯಲ್ಲಿ, ಬಾರಾಮತಿಯೂ ಹೆಚ್ಚುಕಡಿಮೆ ಅಷ್ಟೇ. ಮೇ ಮಧ್ಯಾಹ್ನ 40 ಡಿಗ್ರಿ ಆದಾಗ ಲೆಕ್ಕ 5,400 ಅಡಿ ದಾಟುತ್ತದೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, ಅದೂ 1,646 ಮೀಟರ್, ಅಂದರೆ 5,400 ಅಡಿಯೇ! ಮಗಳು ಮಧ್ಯಾಹ್ನ ಹಾರಿದರೆ ಅವಳ ಎಂಜಿನ್‌ಗೆ ಸಿಗುವುದು ಕಳಸೂಬಾಯಿ ತುದಿಯ ಗಾಳಿ. ಬೆಳಿಗ್ಗೆ 24 ಡಿಗ್ರಿ ಇದ್ದರೆ ಅದೇ ಲೆಕ್ಕ 3,500 ಅಡಿಯ ಆಸುಪಾಸು ನಿಲ್ಲುತ್ತದೆ. ಕಲಿಯುವವರಿಗೆ ಈ ವ್ಯತ್ಯಾಸ ದೊಡ್ಡದು.

ಪ್ರಶ್ನೆ: ಸರ್, ಪುಣೆ ಹತ್ತಿರ ಸೆಸ್ನಾ 172ರಲ್ಲಿ ಲೈಸೆನ್ಸ್ ಪಡೆದಿದ್ದೇನೆ. ಓದಲು ಅಮೆರಿಕದ ಕೊಲರಾಡೊಗೆ ಹೋಗುತ್ತಿದ್ದೇನೆ. ಅಲ್ಲಿ ಲೆಡ್‌ವಿಲ್ ಅಂತ 9,934 ಅಡಿ ಎತ್ತರದ ನಿಲ್ದಾಣ ಇದೆ. ಬೇಸಿಗೆ ರಜೆಯಲ್ಲಿ ಮೂವರು ಗೆಳೆಯರನ್ನು ಕೂರಿಸಿಕೊಂಡು ಅಲ್ಲಿಗೆ ಹಾರಬೇಕು ಅಂತ ಆಸೆ. ರನ್‌ವೇ 6,400 ಅಡಿ ಉದ್ದ ಇದೆ, ಸಾಕಲ್ವಾ? (ಕೋಥ್ರೂಡ್, ಪುಣೆ)

ಉತ್ತರ: ಲೆಡ್‌ವಿಲ್‌ಗೆ ಖಂಡಿತ ಹೋಗಿ. ಮೂವರು ಗೆಳೆಯರು ಬೇಡ.

ರನ್‌ವೇ ಉದ್ದ ಸಾಕು. ತೊಂದರೆ ಇರುವುದು ನೆಲ ಬಿಟ್ಟ ಮೇಲೆ. ಮಧ್ಯಾಹ್ನ 22 ಡಿಗ್ರಿ ಇದ್ದರೆ ಅಲ್ಲಿ ಡೆನ್ಸಿಟಿ ಆಲ್ಟಿಟ್ಯೂಡ್ 13,000 ಅಡಿ ದಾಟುತ್ತದೆ. ನೀವು ಹಾರಿಸುವುದು 172ಎಸ್ ಆದರೆ ಅದರ ಸರ್ವಿಸ್ ಸೀಲಿಂಗ್, ಅಂದರೆ ಅದು ಸರಿಯಾಗಿ ಏರಬಲ್ಲ ಎತ್ತರದ ಮಿತಿ, 14,000 ಅಡಿ. ಪೂರ್ತಿ ತೂಕ ಹೊತ್ತ ವಿಮಾನ ಆ ಎತ್ತರದಲ್ಲಿ ನಿಮಿಷಕ್ಕೆ ಬರೀ 100 ಅಡಿ ಏರುತ್ತದೆ, ಸಮುದ್ರಮಟ್ಟದಲ್ಲಿ ಅದೇ ವಿಮಾನ 730 ಅಡಿ ಏರುತ್ತಿತ್ತು. ಅಂದರೆ ನೀವು ಇನ್ನೂ ನೆಲದ ಮೇಲಿದ್ದೀರಿ, ವಿಮಾನದ ಶಕ್ತಿ ಆಗಲೇ ಮುಗಿಯುತ್ತಾ ಬಂದಿದೆ. ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ನಿಮ್ಮ 180 ಕುದುರೆಗಳಲ್ಲಿ ಕೆಲಸಕ್ಕೆ ಬರುವುದು 110ರ ಹತ್ತಿರ. ಖಂಡಾಲ ಘಾಟಿಯಲ್ಲಿ ಏದುಸಿರು ಬಿಡುವ ತುಂಬಿದ ಲಾರಿಯನ್ನು ನೋಡಿದ್ದೀರಲ್ವಾ, ಹಾಗೆ. ಆದರೆ ಲಾರಿ ನಿಂತರೆ ನಿಂತೀತು.

ಒಂದು ಮೋಸ ಇದೆ, ಅದನ್ನು ಮನಸ್ಸಿನಲ್ಲಿಡಿ. ನೆಲಕ್ಕೆ ಹತ್ತಿರ ಇರುವಾಗ ರೆಕ್ಕೆಯನ್ನು ಹಿಂದಕ್ಕೆ ಜಗ್ಗುವ ಗಾಳಿಯ ಎಳೆತ ಕಡಿಮೆ. ಹಾಗಾಗಿ ವಿಮಾನ ನೆಲ ಬಿಡುತ್ತದೆ, ನೀವು ಹಾರಿಬಿಟ್ಟೆ ಅಂದುಕೊಳ್ಳುತ್ತೀರಿ, ಒಂದು ಮನೆಯೆತ್ತರ ಹೋಗುವಷ್ಟರಲ್ಲಿ ಆ ಆಸರೆ ಮುಗಿದು ಮುಂದೆ ಏರುವುದೇ ಇಲ್ಲ, ಎದುರಿಗೆ ಮರಗಳು ಬರುತ್ತಿರುತ್ತವೆ. ಇದಕ್ಕೇ ಬೆಟ್ಟದ ಪೈಲಟ್‌ಗಳು ಒಂದು ಲೆಕ್ಕ ಇಟ್ಟುಕೊಂಡಿರುತ್ತಾರೆ. ಅರ್ಧ ರನ್‌ವೇ ಮುಗಿಯುವಾಗ ಟೇಕಾಫ್ ವೇಗದ ಶೇಕಡಾ 70 ಬಂದಿರಬೇಕು. ಬಂದಿಲ್ಲವೇ, ಥ್ರಾಟಲ್ ಎಳೆದು ನಿಲ್ಲಿಸಿ. ಆ ಕ್ಷಣದಲ್ಲಿ ಯೋಚಿಸುವುದಕ್ಕೆ ಏನೂ ಇರಬಾರದು, ಯೋಚನೆಯೆಲ್ಲ ಕೆಳಗೇ ಮುಗಿದಿರಬೇಕು.

ಮಿಕ್ಸ್ಚರ್, ಅಂದರೆ ಎಂಜಿನ್ನಿಗೆ ಹೋಗುವ ಇಂಧನ ಮತ್ತು ಗಾಳಿಯ ಪ್ರಮಾಣ, ಅದರ ವಿಷಯವೂ ಇದೆ. ಮುಂಬೈಯ ಜುಹುನಂಥ ಸಮುದ್ರದ ಪಕ್ಕದ ರನ್‌ವೇಯಲ್ಲಿ ಮಿಕ್ಸ್ಚರಿನ ಕೆಂಪು ಗುಂಡಿಯನ್ನು ಪೂರ್ತಿ ಒಳಗೆ ತಳ್ಳಿ ಹೊರಡುವುದು ಅಭ್ಯಾಸವಾಗಿರುತ್ತದೆ. ಎತ್ತರದಲ್ಲಿ ಹಾಗೆ ಮಾಡಿದರೆ ಇಂಧನ ಜಾಸ್ತಿ, ಗಾಳಿ ಕಡಿಮೆ, ಎಂಜಿನ್ ಗೊರಗೊರ ಅನ್ನುತ್ತದೆ. ಇರುವ ಶಕ್ತಿಯೂ ಹೋಗುತ್ತದೆ. ಸಾಮಾನ್ಯವಾಗಿ 3,000 ಅಡಿಯ ಮೇಲೆ ಟೇಕಾಫ್‌ಗೆ ಮೊದಲೇ ಮಿಕ್ಸ್ಚರ್ ಹಿಂದಕ್ಕೆಳೆದು ಹೊಂದಿಸಿಕೊಳ್ಳಬೇಕು. ವಿಮಾನದ ಕೈಪಿಡಿಯಲ್ಲಿ ಬರೆದಿರುತ್ತದೆ, ಓದಿ. ಮೇ ತಿಂಗಳ ಪುಣೆಯಲ್ಲಿ ನಿಮಗೆ ಇದನ್ನು ಯಾರೂ ಮಾಡಿಸಿಲ್ಲ ಅಂದರೆ ನನಗೆ ನಿಜಕ್ಕೂ ಬೇಜಾರು. ಅಲ್ಲಿ ಪಾಠ ಪುಕ್ಕಟೆ ಸಿಗುತ್ತಿತ್ತು.

ಇಳಿಯುವಾಗ ಕಣ್ಣನ್ನು ನಂಬಬೇಡಿ, ಮುಳ್ಳನ್ನು ನಂಬಿ. ಏರ್‌ಸ್ಪೀಡ್ ಮುಳ್ಳು ಎಲ್ಲೇ ಆದರೂ ಅದೇ 65 ನಾಟ್ ತೋರಿಸಬೇಕು, ಪುಣೆಯಲ್ಲಿ ಕಲಿತ ಹಾಗೆಯೇ. ಆದರೆ ತೆಳು ಗಾಳಿಯಲ್ಲಿ ಮುಳ್ಳು ಕಡಿಮೆ ತೋರಿಸುವುದರಿಂದ ಅಲ್ಲಿ ನಿಜವಾದ ವೇಗ 80ರ ಹತ್ತಿರ ಇರುತ್ತದೆ. ನೆಲ ಓಡಿ ಬರುತ್ತಿದೆ ಅನ್ನಿಸಿ ಮೂಗೆತ್ತಿ ವೇಗ ಇಳಿಸಿದಿರೋ, ಸ್ಟಾಲ್, ಅಂದರೆ ರೆಕ್ಕೆ ಎತ್ತಿ ಹಿಡಿಯುವುದನ್ನು ಬಿಟ್ಟು ವಿಮಾನ ಕುಸಿಯುತ್ತದೆ. ತಿರುಗುವುದಕ್ಕೂ ಅಷ್ಟೇ, ರೆಕ್ಕೆಯನ್ನು ಅಷ್ಟೇ ವಾಲಿಸಿದರೂ, ಮುಳ್ಳಿನಲ್ಲಿ ಅದೇ ವೇಗ ಇದ್ದರೂ ಸುತ್ತು ಒಂದೂವರೆ ಪಟ್ಟು ಅಗಲವಾಗುತ್ತದೆ. ಕಣಿವೆಯಲ್ಲಿ ಹೋಗುವಾಗ ನಡುಮಧ್ಯೆ ಹೋಗಬೇಡಿ. ಒಂದು ಪಕ್ಕ ಹಿಡಿದು ಹೋಗಿ, ವಾಪಸ್ ತಿರುಗಬೇಕಾದರೆ ಪೂರ್ತಿ ಅಗಲ ನಿಮಗೆ ಸಿಗಬೇಕು. ತಳ ನಿಮಗಿಂತ ಬೇಗ ಏರುತ್ತಿದೆ ಅನ್ನಿಸಿದರೆ ಆಗಲೇ ತಿರುಗಿ.

ಗೆಳೆಯರ ವಿಷಯ. 172ರಲ್ಲಿ ನಾಲ್ಕು ಸೀಟು ಇದೆ ನಿಜ. ನಾಲ್ಕು ದೊಡ್ಡವರು ಮತ್ತು ತುಂಬಿದ ಟ್ಯಾಂಕ್ ಅಂದರೆ ಜುಹುನಲ್ಲೂ ಸಾಮಾನ್ಯವಾಗಿ ತೂಕದ ಮಿತಿ ದಾಟುತ್ತದೆ. ಮೊದಲ ಸಲ ಅಲ್ಲಿನದೇ ಇನ್‌ಸ್ಟ್ರಕ್ಟರ್ ಒಬ್ಬರನ್ನು ಕೂರಿಸಿಕೊಳ್ಳಿ, ಬೇಕಾದಷ್ಟೇ ಇಂಧನ ಹಾಕಿ, ನಸುಕಿನಲ್ಲಿ ಹೊರಡಿ. ಗೆಳೆಯರು ಕಾರಿನಲ್ಲಿ ಬರಲಿ.

ಪ್ರಶ್ನೆ: ಟರ್ಬೊ ಎಂಜಿನ್ ಹಾಕಿದರೆ ಈ ತಲೆನೋವೆಲ್ಲ ಇರುವುದಿಲ್ಲ ತಾನೇ? (ಚಿಂಚವಾಡ)

ಉತ್ತರ: ಎಂಜಿನ್ನಿನ ತಲೆನೋವು ಬಹುಪಾಲು ಹೋಗುತ್ತದೆ. ರೆಕ್ಕೆ, ಪ್ರೊಪೆಲ್ಲರ್ ಮಾತ್ರ ಅದೇ ತೆಳು ಗಾಳಿಯಲ್ಲೇ ಕೆಲಸ ಮಾಡಬೇಕು. ಲ್ಯಾಂಡಿಂಗ್ ವೇಗ, ತಿರುವಿನ ಅಗಲ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಪ್ರಶ್ನೆ: ನೇಪಾಳದ ಲುಕ್ಲಾದಲ್ಲಿ ರನ್‌ವೇ ಬೆಟ್ಟಕ್ಕೆ ಒರಗಿದಂತೆ ಓರೆಯಾಗಿದೆ. ಸಮ ಮಾಡಬಹುದಿತ್ತಲ್ಲ, ಯಾಕೆ ಹಾಗೆ ಬಿಟ್ಟರು? (ವಾಸ್ಕೊ, ಗೋವಾ)

ಉತ್ತರ: ಆ ಓರೆಯೇ ಅಲ್ಲಿ ಬ್ರೇಕು. ನಿಮ್ಮ ದಾಬೋಲಿಂ ರನ್‌ವೇ 3 ಕಿಲೋಮೀಟರಿಗಿಂತ ಉದ್ದ. ಲುಕ್ಲಾದ್ದು ಬರೀ 527 ಮೀಟರ್, ಇರುವುದು 9,300 ಅಡಿಗೂ ಮೇಲೆ. ಒಂದು ತುದಿಗಿಂತ ಇನ್ನೊಂದು ತುದಿ ಸುಮಾರು 60 ಮೀಟರ್ ಎತ್ತರದಲ್ಲಿದೆ. ಇಳಿಯುವ ವಿಮಾನ ಏರು ಹತ್ತುತ್ತಾ ನಿಲ್ಲುತ್ತದೆ, ಹೊರಡುವ ವಿಮಾನ ಇಳಿಜಾರಿನಲ್ಲಿ ವೇಗ ಪಡೆಯುತ್ತದೆ. ಅದಕ್ಕೇ ಇಳಿಯುವುದು ಒಂದೇ ದಿಕ್ಕು, ಹೊರಡುವುದು ಅದರ ಎದುರು ದಿಕ್ಕು. ಎಡ್ಮಂಡ್ ಹಿಲರಿ ಮುಂದೆ ನಿಂತು 1964ರಲ್ಲಿ ಮಾಡಿಸಿದ ಪಟ್ಟಿ ಅದು, ಡಾಂಬರು ಬಿದ್ದದ್ದು 2001ರಲ್ಲಿ. ಟ್ವಿನ್ ಆಟರ್, ಡೋರ್ನಿಯರ್ 228ರಂಥ ಸಣ್ಣ ವಿಮಾನಗಳಷ್ಟೇ ಹೋಗುತ್ತವೆ.

ಮೇಲ್ತುದಿಯಲ್ಲಿ ಬೆಟ್ಟ ಇರುವುದರಿಂದ ಕೊನೆ ಗಳಿಗೆಯಲ್ಲಿ ಮತ್ತೆ ಎದ್ದು ಹೋಗುತ್ತೇನೆ ಅನ್ನುವ ಹಾಗಿಲ್ಲ. ಏರು ರನ್‌ವೇ ಕಣ್ಣಿಗೂ ಮೋಸ ಮಾಡುತ್ತದೆ, ನಾನು ತುಂಬಾ ಮೇಲಿದ್ದೇನೆ ಅನ್ನಿಸುತ್ತದೆ, ಪೈಲಟ್ ಕೆಳಗೆ ಕೆಳಗೆ ಬರುತ್ತಾನೆ. 2008ರ ಅಕ್ಟೋಬರ್‌ನಲ್ಲಿ ಮಂಜು ಮುಚ್ಚಿದ ಬೆಳಿಗ್ಗೆ ಟ್ವಿನ್ ಆಟರ್ ಒಂದು ರನ್‌ವೇಗಿಂತ ಮೊದಲೇ ನೆಲಕ್ಕೆ ಬಡಿದು 18 ಜನ ತೀರಿಕೊಂಡರು. ಅಲ್ಲಿ ಹವಾಮಾನಕ್ಕಾಗಿ ಎರಡು ಮೂರು ದಿನ ಕಾಯಿಸಿದರೆ ದಯವಿಟ್ಟು ಕೌಂಟರ್‌ನಲ್ಲಿ ಜಗಳ ಮಾಡಬೇಡಿ.

ಪ್ರಶ್ನೆ: ಲೇಹ್‌ನಲ್ಲಿ ಮೊದಲು ವಿಮಾನ ಇಳಿದಾಗ ನಮ್ಮ ಕೊಡಗಿನ ತಿಮ್ಮಯ್ಯನವರು ಅದರಲ್ಲಿದ್ದರು ಅಂತ ಅಜ್ಜ ಹೇಳುತ್ತಿದ್ದರು. ನಿಜವೇ? (ಮಾಟುಂಗಾ, ಮುಂಬೈ)

ಉತ್ತರ: ನಿಜ. ಅಜ್ಜ ಸರಿಯಾಗಿಯೇ ಹೇಳಿದ್ದಾರೆ. 1948ರ ಮೇ 24ರಂದು ವಾಯುಪಡೆಯ ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ಅನ್ನುವ ಸಾಗಣೆ ವಿಮಾನ ಇಳಿಸಿದರು, ಜೊತೆಗಿದ್ದವರು ಆಗ ಮೇಜರ್ ಜನರಲ್ ಆಗಿದ್ದ ಕೆ.ಎಸ್. ತಿಮ್ಮಯ್ಯ. ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಲೇಹ್ ಕೈತಪ್ಪುವ ಹೊತ್ತು ಅದು. ಸೋನಂ ನೋರ್ಬು ಎಂಬ ಲಡಾಖಿನ ಎಂಜಿನಿಯರ್ ಊರವರನ್ನು ಸೇರಿಸಿಕೊಂಡು ಮಣ್ಣಿನ ರನ್‌ವೇ ಮಾಡಿದ್ದರು. ಡಕೋಟಾದಲ್ಲಿ ಗಾಳಿಯ ಒತ್ತಡ ಕಾಪಾಡುವ ಕ್ಯಾಬಿನ್ ಇಲ್ಲ, ಮೊದಲು ಹೋಗಿ ಬಂದವರು ಯಾರೂ ಇಲ್ಲ, ದಾರಿಯುದ್ದಕ್ಕೂ ಹಿಮಾಲಯ. ದೊಡ್ಡ ಅಧಿಕಾರಿ ತಾನೇ ಕೂತು ಹೋದದ್ದು ನನಗೆ ಈಗಲೂ ದೊಡ್ಡ ವಿಷಯ ಅನ್ನಿಸುತ್ತದೆ.

ಪ್ರಶ್ನೆ: ಹಿಮಾಲಯ ಬಿಡಿ, ನಮ್ಮ ಸಹ್ಯಾದ್ರಿ ದಾಟುವಾಗ ಸಣ್ಣ ವಿಮಾನಕ್ಕೆ ಭಯ ಇದೆಯೇ? (ಮುಲುಂಡ್)

ಉತ್ತರ: ಭಯ ಬೇಡ, ಲೆಕ್ಕ ಬೇಕು. 1932ರ ಅಕ್ಟೋಬರ್‌ನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಜುಹುಗೆ ತಂದ ಟಪಾಲನ್ನು ಅವರ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿ ಮೇಲಿಂದಲೇ ಮದ್ರಾಸಿಗೆ ಒಯ್ದರು, ಸಣ್ಣ ಪಸ್ ಮಾತ್ ವಿಮಾನಗಳ ಕಾಲದಲ್ಲಿ. ಎತ್ತರ ಇಲ್ಲಿ ದೊಡ್ಡ ತೊಂದರೆಯಲ್ಲ, ಪಡುವಣ ಗಾಳಿ ತೊಂದರೆ. ಮಳೆಗಾಲ ಹತ್ತಿರ ಬಂದಾಗ ಗಾಳಿ ಕೊಂಕಣದ ಕಡೆಯಿಂದ ಬೆಟ್ಟ ಹತ್ತಿ ಪುಣೆಯ ಕಡೆ ಇಳಿಯುತ್ತದೆ. ಜುಹುನಿಂದ ಬರುವವರನ್ನು ಮೊದಲು ಮೇಲೆತ್ತುತ್ತದೆ. ಪುಣೆಯಿಂದ ಜುಹು ಕಡೆ ಹೋಗುವವರಿಗೆ ಎದುರುಗಾಳಿ, ಜೊತೆಗೆ ಬೆಟ್ಟ ಬರುವ ಮೊದಲೇ ಕೆಳಕ್ಕೆ ತಳ್ಳುವ ಗಾಳಿ. ಅದಕ್ಕೇ ಬೆಟ್ಟ ತಲುಪುವ ಮೊದಲೇ ಎತ್ತರ ಪಡೆದಿರಿ, ಅದರ ನೆತ್ತಿಗಿಂತ 2,000 ಅಡಿ ಮೇಲಿದ್ದರೆ ಒಳ್ಳೆಯದು. ನೇರ ನುಗ್ಗಬೇಡಿ, 45 ಡಿಗ್ರಿ ಓರೆಯಾಗಿ ಹೋಗಿ, ಆಗ ಬೆಟ್ಟದಿಂದ ದೂರ ತಿರುಗಿ ಬರಲು 90 ಡಿಗ್ರಿ ತಿರುವು ಸಾಕು. ನೆತ್ತಿಯ ಮಟ್ಟದಲ್ಲಿ ಗಾಳಿ 25 ನಾಟ್ ದಾಟಿದೆ ಅಂದರೆ ಅಥವಾ ಮೋಡ ಬೆಟ್ಟಕ್ಕೆ ಇಳಿದಿದೆ ಅಂದರೆ ಆ ದಿನ ಹೊರಡಬೇಡಿ. ಮುಂಬೈಗೆ ಹೋಗಲು ಪುಣೆಯಿಂದ ರೈಲುಗಳಿಗೇನು ಕೊರತೆ!