ಹೈಲಕ್ಸ್, ಇಸುಜು ಪಿಕಪ್ ಫಾರಿನ್ ಗಾಡಿನಾ? ಬೊಲೆರೊ ಮಾತ್ರ ನಮ್ಮ ದೇಶದ್ದಾ?

ಹೈಲಕ್ಸ್ ಮಾಡೋ ಟೊಯೋಟ, ಇಸುಜು ಎರಡೂ ಜಪಾನ್ ಕಂಪನಿ, ಆದ್ರೆ ಗಾಡಿ ರೆಡಿಯಾಗೋದು ಇಲ್ಲೇ. ಹೈಲಕ್ಸ್ ಜೋಡ್ಸೋದು ಬಿಡದಿಲಿ, ಮದ್ದೂರಿಂದ ಎಳನೀರು ತುಂಬ್ಕೊಂಡು ಬೆಂಗಳೂರಿಗೆ ಹೋಗೋ ಬೊಲೆರೊ ಪಿಕಪ್‌ಗಳು ದಿನಾ ದಾಟ್ಕೊಂಡು ಹೋಗೋ ಅದೇ ಬಿಡದಿ. ಇಸುಜು ಡಿ-ಮ್ಯಾಕ್ಸ್ ಆಂಧ್ರದ ಶ್ರೀಸಿಟಿಲಿ ಆಗುತ್ತೆ.

ಕಾರಣ ಕಸ್ಟಮ್ಸ್ ಸುಂಕ. ಪೂರ್ತಿ ರೆಡಿಯಾದ ಗಾಡಿ ಹಡಗಲ್ಲಿ ತರಿಸಿದ್ರೆ ಸುಂಕ ಜಾಸ್ತಿ, ಬಿಡಿಭಾಗವಾಗಿ ತಂದು ಇಲ್ಲಿ ಜೋಡ್ಸಿದ್ರೆ ಕಮ್ಮಿ, ಅದಕ್ಕೇ ಜಪಾನಿನವ್ರು ಇಲ್ಲೇ ಫ್ಯಾಕ್ಟರಿ ಹಾಕ್ತಾರೆ. ಅಮೆರಿಕದಲ್ಲೂ ಇದೇ ಕಥೆ ಕಣ್ರೀ, 1964ರಿಂದ ಹೊರಗಿಂದ ಬರೋ ಪಿಕಪ್‌ಗೆ 25% ಸುಂಕ ಹಾಕಿದ್ರು, ಹಂಗಾಗಿ ಟೊಯೋಟ ತನ್ನ ಟಂಡ್ರಾ ಪಿಕಪ್‌ನ ಟೆಕ್ಸಾಸಲ್ಲೇ ಮಾಡುತ್ತೆ, ಇತ್ಲಾಗೆ ಅಪ್ಪಟ ಅಮೆರಿಕದ್ದು ಅಂತ ಜನ ಎದೆ ತಟ್ಕೊಳೋ ಶೆವರ್ಲೆ ಸಿಲ್ವರಾಡೋ ಪಿಕಪ್ ಒಂದಷ್ಟು ಮೆಕ್ಸಿಕೋದಿಂದ ಬರುತ್ತೆ.

ಹಂಗಂತ ಎರಡೂ ಒಂದೇ ಅಲ್ಲ. ಹೈಲಕ್ಸಲ್ಲಿ ಹೊರದೇಶದ ಪಾರ್ಟ್ಸ್ ತುಂಬಾ ಇವೆ, ಬೊಲೆರೊದಲ್ಲಿ ಡಿಸೈನೂ ಲಾಭನೂ ಇಲ್ಲೇ ಉಳಿಯುತ್ತೆ. ಕಬ್ಬು, ಬೆಲ್ಲ, ತರಕಾರಿ ಹೊಡೆಯೋರಿಗೆ ನಾನಂತೂ ಬೊಲೆರೊನೇ ಹೇಳ್ತೀನಿ, ಪಾರ್ಟ್ಸೂ ಮೆಕ್ಯಾನಿಕ್ಕೂ ಮಂಡ್ಯದಲ್ಲೇ ಸಿಗ್ತಾರೆ.

ನಿಮ್ಮ ಗಾಡಿ ಎಲ್ಲಿದು ಅಂತ ನೋಡ್ಬೇಕಾ, ಆರ್‌ಸಿಲಿರೋ ಚಾಸಿಸ್ ನಂಬರ್ ನೋಡಿ. ಮೊದಲೆರಡು ಅಕ್ಷರ ಎಂಎ ಇಂದ ಎಂಇ ಒಳಗಿದ್ರೆ ಇಂಡಿಯಾದ್ದು, ಜೆ ಇಂದ ಶುರುವಾದ್ರೆ ಜಪಾನಿಂದು.