ವೆಬ್‌ಸೈಟಿಗೆ ಯಾವ ಇಮೇಜ್ ಕ್ರಾಪಿಂಗ್ ಪ್ಲಗಿನ್ ಒಳ್ಳೆಯದು?

ನಿಮ್ಮ ವೆಬ್‌ಸೈಟಿನಲ್ಲಿ ಬಳಕೆದಾರರು ಪ್ರೊಫೈಲ್ ಫೋಟೋ ಕತ್ತರಿಸಿ ಅಪ್‌ಲೋಡ್ ಮಾಡಬೇಕು ಅಂದುಕೊಳ್ಳಿ. ಅದಕ್ಕೆ ನನ್ನ ಆಯ್ಕೆ ಕ್ರಾಪರ್ ಜೆಎಸ್ (Cropper.js) ಎಂಬ ಜಾವಾಸ್ಕ್ರಿಪ್ಟ್ ಪ್ಲಗಿನ್. ಜೆಕ್ವೆರಿ ಎಂಬ ಹಳೆಯ ಜಾವಾಸ್ಕ್ರಿಪ್ಟ್ ಲೈಬ್ರರಿ ಬೇಕಿಲ್ಲ, ಮೊಬೈಲ್‌ನಲ್ಲಿ ಬೆರಳಿನಿಂದಲೇ ಸರಿಸಬಹುದು, 1:1 ಅನುಪಾತ (ಚೌಕಾಕಾರ) ಕಡ್ಡಾಯ ಮಾಡಬಹುದು. ವೆಬ್‌ಪುಟ ಕಟ್ಟಲು ರಿಯಾಕ್ಟ್ ಲೈಬ್ರರಿ ಬಳಸುತ್ತಿದ್ದರೆ ರಿಯಾಕ್ಟ್ ಈಸಿ ಕ್ರಾಪ್ ಸಲೀಸು.

ಆದರೆ ಪ್ಲಗಿನ್‌ಗಿಂತ ಮೊದಲು ತೀರ್ಮಾನಿಸಬೇಕಾದ್ದು, ಚಿತ್ರವನ್ನು ನಿಜವಾಗಿ ಕತ್ತರಿಸುವುದು ಎಲ್ಲಿ ಎಂಬುದು. ಬ್ರೌಸರ್‌ನಲ್ಲೇ ಆದರೆ ಕ್ಯಾನ್ವಾಸ್ (ಬ್ರೌಸರ್ ಚಿತ್ರ ಬಿಡಿಸುವ ಜಾಗ) ಮೂಲಕ ಕತ್ತರಿಸಿದ ಚಿಕ್ಕ ಫೈಲ್ ಮಾತ್ರ ಸರ್ವರ್‌ಗೆ ಹೋಗುತ್ತದೆ, ಇಂಟರ್ನೆಟ್ ಡೇಟಾ ಉಳಿತಾಯವಾಗುತ್ತದೆ. ಚಿತ್ರ ಬೇರೆ ಡೊಮೇನ್‌ನಿಂದ ಬಂದಿದ್ದು ಕಾರ್ಸ್ (CORS) ಅನುಮತಿ, ಅಂದರೆ ಚಿತ್ರವನ್ನು ಬೇರೆ ಸೈಟ್ ಬಳಸಬಹುದು ಎಂದು ಆ ಡೊಮೇನ್ ಕೊಡುವ ಒಪ್ಪಿಗೆ, ಇಲ್ಲದಿದ್ದರೆ ಮಾತ್ರ, ಕ್ಯಾನ್ವಾಸ್‌ನಿಂದ ಫೈಲ್ ತೆಗೆಯಲು ಬ್ರೌಸರ್ ಬಿಡುವುದಿಲ್ಲ. ಮುಂದೆ ಬೇರೆ ಅಳತೆಗಳೂ ಬೇಕಾಗುವಂತಿದ್ದರೆ ಮೂಲ ಚಿತ್ರದ ಜೊತೆ ಕತ್ತರಿಸಬೇಕಾದ ಭಾಗದ ಎಕ್ಸ್, ವೈ (ಅದು ಶುರುವಾಗುವ ಜಾಗ), ಅಗಲ, ಎತ್ತರ ಕಳಿಸಿ ಸರ್ವರ್‌ನಲ್ಲಿ ಕತ್ತರಿಸಿ. ಯಾವ ದಾರಿ ಹಿಡಿದರೂ ಫೈಲಿನ ಬಗೆ, ಗಾತ್ರ ಎರಡನ್ನೂ ಸರ್ವರ್ ಮತ್ತೆ ಪರೀಕ್ಷಿಸಲೇಬೇಕು.