ಅಗತ್ತಿಯಿಂದ ಪೋರ್ಟ್ ಬ್ಲೇರ್: ಲೆಕ್ಕದಲ್ಲಿ ಮೂರು ಗಂಟೆ, ದಾರಿಯಲ್ಲಿ ಎರಡು ದಿನ

ಪ್ರಶ್ನೆ: ಲಕ್ಷದ್ವೀಪದ ಅಗತ್ತಿ ನೋಡಿಕೊಂಡು ಅಲ್ಲಿಂದಲೇ ಅಂಡಮಾನಿಗೆ ಹೋಗುವ ಯೋಚನೆಯಿದೆ. ಅಗತ್ತಿ–ಪೋರ್ಟ್ ಬ್ಲೇರ್ ದೂರ 2,240 ಕಿ.ಮೀ., ಹಾರಾಟ 3 ಗಂಟೆ 20 ನಿಮಿಷ ಎಂದು ಇಂಟರ್‌ನೆಟ್ಟಿನಲ್ಲಿದೆ. ಟಿಕೆಟ್ ಹುಡುಕಿದರೆ ಎರಡು ದಿನ ತೋರಿಸುತ್ತದೆ. ಯಾವುದನ್ನು ನಂಬುವುದು?
– ಓದುಗರು, ಕಾರವಾರ

ಉತ್ತರ: ಟಿಕೆಟ್ಟನ್ನೇ ನಂಬಿ. ದೂರದ ಅಂಕಿ ಸರಿಯಾಗಿಯೇ ಇದೆ. ನೀವೂ ತಾಳೆ ನೋಡಬಹುದು: ಎರಡು ಊರುಗಳ ನಡುವೆ ರೇಖಾಂಶದ ಅಂತರ 20.55 ಡಿಗ್ರಿ. ಆ ಅಕ್ಷಾಂಶದಲ್ಲಿ ಒಂದು ಡಿಗ್ರಿಗೆ ಸುಮಾರು 109 ಕಿ.ಮೀ., ಗುಣಿಸಿದರೆ 2,240. ಅಕ್ಷಾಂಶದ ವ್ಯತ್ಯಾಸ ಒಂದು ಡಿಗ್ರಿಯೂ ಇಲ್ಲ, ಅದರಿಂದ ಲೆಕ್ಕ ಹೆಚ್ಚೇನೂ ಬದಲಾಗದು. ಇದನ್ನು ಗಂಟೆಗೆ 800 ಕಿ.ಮೀ.ಯಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿದರೆ ನಿಮಗೆ ಸಿಕ್ಕ ಅವಧಿಯೇ ಬರುತ್ತದೆ.

ತಪ್ಪಿರುವುದು ಆ 800ರಲ್ಲಿ. ಅದು ಜೆಟ್ ವಿಮಾನದ ವೇಗ. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಮಾತ್ರ. ಎ320ಯಂಥ ಜೆಟ್ ತುಂಬಿದ ಭಾರದಲ್ಲಿ ಏರಲು 2,000 ಮೀಟರಿನಷ್ಟು ಬೇಕು. ಅಲ್ಲಿಗೆ ಬರುವುದು ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನ. ಅದರ ವೇಗ 500 ಕಿ.ಮೀ. ಆಸುಪಾಸು, ಜನ ತುಂಬಿಸಿಕೊಂಡು 2,240 ಕಿ.ಮೀ. ಒಂದೇ ಓಟಕ್ಕೆ ಹೋಗಲಾರದು. ರನ್‌ವೇ ಗಿಡ್ಡ, ಗಾಳಿ ಬಿಸಿ ಎಂದರೆ ಏರುವಾಗ ಭಾರವನ್ನೂ ಕಡಿಮೆ ಮಾಡಬೇಕು. ಹಾಗಾಗಿ ಲಗೇಜಿನ ಮಿತಿಯನ್ನು ಮೊದಲೇ ಕೇಳಿಕೊಳ್ಳಿ.

ಬೆಂಗಳೂರಿನ ಮೇಲೆ ಹೋದರೆ ಅಗತ್ತಿ–ಬೆಂಗಳೂರು ಸುಮಾರು 660 ಕಿ.ಮೀ., ಬೆಂಗಳೂರು–ಪೋರ್ಟ್ ಬ್ಲೇರ್ 1,640. ಸೇರಿಸಿ ನೋಡಿ, ನೇರ ದಾರಿಗಿಂತ 60 ಕಿ.ಮೀ. ಮಾತ್ರ ಜಾಸ್ತಿ! ಗಾಳಿಯಲ್ಲಿರುವುದು ಮೊದಲ ಹಂತದಲ್ಲಿ ಒಂದೂಮುಕ್ಕಾಲು ಗಂಟೆ, ಎರಡನೆಯದರಲ್ಲಿ ಎರಡೂವರೆ. ದಿನ ಹಿಡಿಯುವುದು ನಡುವಿನ ಕಾಯುವಿಕೆ. ಪೋರ್ಟ್ ಬ್ಲೇರ್ ವಿಮಾನಗಳು ಹೆಚ್ಚಾಗಿ ಬೆಳಿಗ್ಗೆಯೇ ಹೊರಡುವುದರಿಂದ ಬೆಂಗಳೂರಿನಲ್ಲಿ ಒಂದು ರಾತ್ರಿ ಉಳಿಯುವುದೇ ಕ್ಷೇಮ. ಎರಡು ಬೇರೆ ಟಿಕೆಟ್ ಮಾಡಿಸಿದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಆ ಹಣ ಹೋದಂತೆಯೇ. ಸಾಧ್ಯವಾದರೆ ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಅದು ಕೈಗೆ ಬಾರದೆ ಟಿಕೆಟ್ ಬೇಡ. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದ್ದಾರೆ, ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ.

ಇನ್ನೊಂದು ಮಾತು. ಎರಡೂ ಕಡೆ ಗಡಿಯಾರ ಒಂದೇ ಆದರೂ ಅಂಡಮಾನಿನಲ್ಲಿ ಸೂರ್ಯ ಅಗತ್ತಿಗಿಂತ ಸುಮಾರು 80 ನಿಮಿಷ ಮೊದಲೇ ಮುಳುಗುತ್ತಾನೆ. ಮಧ್ಯಾಹ್ನ ಇಳಿದು ಸಂಜೆ ಸುತ್ತಾಡುವ ಲೆಕ್ಕ ಹಾಕಬೇಡಿ.

ಪ್ರಶ್ನೆ: ಹುಬ್ಬಳ್ಳಿ–ಬೆಂಗಳೂರು ವಿಮಾನ ಆಕಾಶದಲ್ಲಿರುವುದು ಮುಕ್ಕಾಲು ಗಂಟೆ ಚಿಲ್ಲರೆ. ಟಿಕೆಟ್‌ನಲ್ಲಿ ಅದಕ್ಕಿಂತ ಹೆಚ್ಚು ಬರೆಯುವುದೇಕೆ?
– ಓದುಗರು, ಶಿರಸಿ

ಉತ್ತರ: ಟಿಕೆಟ್ಟಿನ ಸಮಯ ವಿಮಾನ ನಿಂತ ಜಾಗದಿಂದ ಕದಲಿದಾಗ ಶುರುವಾಗಿ, ಇನ್ನೊಂದು ನಿಲ್ದಾಣದಲ್ಲಿ ಪೂರ್ತಿ ನಿಂತಾಗ ಮುಗಿಯುತ್ತದೆ. ನೆಲದ ಮೇಲಿನ ಓಟ, ಇಳಿಯಲು ಸರದಿ ಕಾಯುವುದು ಎಲ್ಲವೂ ಅದರೊಳಗೇ. ಗಾಳಿಗೂ ಪಾಲಿದೆ: ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಬಹಳ ಎತ್ತರದಲ್ಲಿ ಪೂರ್ವದಿಂದ ಗಾಳಿ ಬೀಸುತ್ತದೆ. ಗಂಟೆಗೆ 60 ಕಿ.ಮೀ. ಎದುರುಗಾಳಿ ಸಿಕ್ಕರೆ ಪೋರ್ಟ್ ಬ್ಲೇರ್‌ಗೆ ಹೋಗುವಾಗ ಹತ್ತು ನಿಮಿಷ ಜಾಸ್ತಿ. ಹುಬ್ಬಳ್ಳಿಯ ಸಣ್ಣ ದೂರಕ್ಕೆ ಅದು ಗೊತ್ತೂ ಆಗದು. ಮಳೆಗಾಲದಲ್ಲಿ ಶಿರಸಿಯಿಂದ ಹೊರಡುವವರು ಹುಬ್ಬಳ್ಳಿಯ ರಸ್ತೆಗೇ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.